ಹೊರೆಗೆ ತಕ್ಕ ಬಲ

ಮೋಟಾರ್ ಸೈಕಲಿನ ಎಂಜಿನ್ನನ್ನು ಕಳಚಿ, ಹಗುರವಾದ ಒಂದು ಪುಟ್ಟ ಕಾರಿನೊಳಗೆ ಕೂರಿಸಿ, ಒಂದು ಲೀಟರ್ ಪೆಟ್ರೋಲಿನಲ್ಲಿ ಸಾಮಾನ್ಯ ಕಾರು ಹೋಗುವ ದೂರದ ಇಮ್ಮಡಿ ದೂರವನ್ನು ಕ್ರಮಿಸಬಹುದೆಂಬ ವಿಚಾರವು ಮಿಸ್ತ್ರಿಯ ಅಂಗಡಿಗೆ ಸೇರಿದುದೆಂದೇ ಯಾರಿಗಾದರೂ ಮೊದಲು ತೋರೀತು. ಅದನ್ನು ಸ್ವಲ್ಪ ಬಿಡಿಸಿ ನೋಡಿದರೆ ಮಾತ್ರ, ಲೋಕದಲ್ಲಿ ಓಡಾಡುವುದಕ್ಕೆ ಮನುಷ್ಯನಿಗೆ ಎಷ್ಟು ಬಲ ಬೇಕು, ಬೇಕಾದುದಕ್ಕಿಂತ ಹೆಚ್ಚಾದ ಬಲವನ್ನು ಬಳಿಯಲ್ಲಿರಿಸಿಕೊಳ್ಳುವುದು ದೋಷವೆ, ಕೊಂಚದರಲ್ಲಿ ನಡೆಸುವುದು ಎಲ್ಲರ ಪಾಲಿಗೂ ಸದ್ಗುಣವೆನಿಸೀತೆ ಎಂಬ ಪ್ರಶ್ನೆಗಳು ಅದರೊಳಗೆ ಅಡಗಿರುವುದು ಗೋಚರವಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ಬೇರೆ ಬೇರೆ ಮತಗಳ ಹಿರಿಯರು ಇವೇ ಪ್ರಶ್ನೆಗಳನ್ನು ಅನ್ನದ ವಿಷಯದಲ್ಲಿ, ಭಿಕ್ಷೆಯ ವಿಷಯದಲ್ಲಿ, ಪ್ರಯಾಣದ ವಿಷಯದಲ್ಲಿ ಬಹುಕಾಲದಿಂದ ಕೇಳಿಕೊಂಡು ಬಂದಿದ್ದಾರೆ.

ಮೊದಲು ಯಂತ್ರದ ಮಾತು. ಒಂದು ಟನ್ನಿನಷ್ಟು ತೂಗುವ ಕಾರು ಸಮತಲವಾದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ ಸಾಗುವಾಗ ಗಾಳಿಯ ತಡೆಯನ್ನೂ ಗಾಲಿಗಳ ಉರುಳಾಟದ ತಡೆಯನ್ನೂ ಗೆಲ್ಲುವುದಕ್ಕೆ ಅದಕ್ಕೆ ಬೇಕಾಗುವುದು ನಾಲ್ಕೈದು ಅಶ್ವಶಕ್ತಿ ಮಾತ್ರ. ಅಂತಹ ಕಾರಿನಲ್ಲಿ 80 ಅಶ್ವಶಕ್ತಿಯ ಎಂಜಿನ್ನಿದ್ದರೆ, ಉಳಿದ ಬಲವೆಲ್ಲ ಏರು ಹತ್ತುವಾಗಲೋ ಇನ್ನೊಬ್ಬನನ್ನು ಹಿಂದೆ ಹಾಕುವಾಗಲೋ ಉಪಯೋಗಕ್ಕೆ ಬರಬಹುದೆಂಬ ನಿರೀಕ್ಷೆಯಿಂದ ಹೊತ್ತು ತಿರುಗುವ ಬಲವಾಗುತ್ತದೆ. ಹೊತ್ತು ತಿರುಗುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪೆಟ್ರೋಲ್ ಎಂಜಿನ್ನು ಅಲ್ಪಭಾರದಲ್ಲಿ ಓಡುವಾಗ ಗಾಳಿ ಒಳಗೆ ಬರುವ ದಾರಿಯನ್ನು ಥ್ರಾಟಲ್ ಬಹುಮಟ್ಟಿಗೆ ಮುಚ್ಚಿಬಿಡುವುದರಿಂದ ಪಿಸ್ಟನ್ನುಗಳು ಆ ಇಕ್ಕಟ್ಟಿನೊಳಗಿಂದ ಉಸಿರೆಳೆದುಕೊಳ್ಳಲು ಪ್ರತಿ ಸಲವೂ ಶ್ರಮಿಸಬೇಕು, ನಾಲ್ಕು ಸಿಲಿಂಡರುಗಳ ತಿಕ್ಕಾಟವನ್ನೂ ನೀಗಬೇಕು, ದೊಡ್ಡ ಕಬ್ಬಿಣದ ಮೈಯನ್ನು ಬಿಸಿಯಾಗಿಡಬೇಕು. ಒಬ್ಬನ ಊಟಕ್ಕೆ ಮದುವೆಮನೆಯ ಕೊಪ್ಪರಿಗೆಯನ್ನು ಒಲೆಗೇರಿಸಿದರೆ ಕಟ್ಟಿಗೆ ಎಷ್ಟು ಪೋಲಾದೀತೋ ಇಲ್ಲಿ ಪೆಟ್ರೋಲು ಅಷ್ಟು ಪೋಲಾಗುತ್ತದೆ. ಅದೇ ಒಂದು ಸಿಲಿಂಡರಿನ, ಇನ್ನೂರು ಸಿಸಿಯ ಎಂಜಿನ್ನಾದರೆ, ಥ್ರಾಟಲ್ ಚೆನ್ನಾಗಿ ತೆರೆದು ತನ್ನ ಸಾಮರ್ಥ್ಯದ ಹೆಚ್ಚಿನ ಭಾಗವನ್ನು ಸದಾ ಬಳಸಿ ಓಡುವುದರಿಂದ, ಸುಟ್ಟ ಎಣ್ಣೆಯಲ್ಲಿ ಹೆಚ್ಚಿನ ಪಾಲನ್ನು ಚಲನೆಯಾಗಿ ಹಿಂದಿರುಗಿಸುತ್ತದೆ. ಮಿತವ್ಯಯದ ರಹಸ್ಯವಿರುವುದು ಎಂಜಿನ್ನಿನ ಚಿಕ್ಕತನದಲ್ಲಿಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. ಹೊರೆ, ಬಲ ಇವೆರಡೂ ಒಂದಕ್ಕೊಂದು ಒಪ್ಪಿಕೊಂಡಿರುವುದರಲ್ಲಿ ಅದು ಇದೆ.

ಹೀಗೆ ಒಪ್ಪಿಸುವ ಪ್ರಯತ್ನಗಳಲ್ಲಿ ಯುರೋಪು ನಮಗಿಂತ ಮುಂಚಿನದು. ಎರಡನೆಯ ಮಹಾಯುದ್ಧದಲ್ಲಿ ಸೋತು ಬಡವಾದ ಜರ್ಮನಿಯಲ್ಲಿ, ವಿಮಾನಗಳನ್ನು ಕಟ್ಟುತ್ತಿದ್ದ ಮೆಸ್ಸರ್‌ಸ್ಮಿಟ್ ಕಂಪನಿಯು 1955ರಲ್ಲಿ 191 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ನನ್ನಿಟ್ಟು ಮೂರು ಗಾಲಿಯ ಕಾರನ್ನು ಮಾಡಿತು. ಮೋಟಾರ್ ಸೈಕಲಿನ ಜಾತಿಯ ಎಂಜಿನ್ನಿಗೆ ರಿವರ್ಸ್ ಗೇರಿನ ಹಂಗಿಲ್ಲವಷ್ಟೆ. ಆದುದರಿಂದ ಆ ಕಾರಿನವನು ಹಿಂದಕ್ಕೆ ಹೋಗಬೇಕಾದರೆ ಎಂಜಿನ್ನನ್ನು ನಿಲ್ಲಿಸಿ, ಅದನ್ನು ವಿರುದ್ಧ ದಿಕ್ಕಿಗೆ ತಿರುಗುವಂತೆ ಮತ್ತೆ ಹೊತ್ತಿಸುತ್ತಿದ್ದನು. ಇದರ ಫಲವಾಗಿ ಮುಂದಕ್ಕೆ ನಾಲ್ಕು ಗೇರುಗಳಿದ್ದಂತೆ ಹಿಂದಕ್ಕೂ ನಾಲ್ಕು ಗೇರುಗಳು ದೊರೆತವು! ಅದೇ ವರ್ಷ ಬಿಎಂಡಬ್ಲ್ಯು ಕಂಪನಿಯು ಇಟಲಿಯ ಇಸೊ ಎಂಬವರಿಂದ ಪಡೆದ ಇಸೆಟ್ಟಾ ಎಂಬ ಮೊಟ್ಟೆಯಾಕಾರದ ಕಾರಿಗೆ ತನ್ನದೇ ಮೋಟಾರ್ ಸೈಕಲಿನ 250 ಸಿಸಿ ವರ್ಗದ ಎಂಜಿನ್ನನ್ನು ಹೊಂದಿಸಿತು. ಅದರ ಬಾಗಿಲು ಮೂತಿಯಲ್ಲಿತ್ತು. ಚಾಲಕನು ಬಾಗಿಲು ತೆರೆದರೆ ಸ್ಟಿಯರಿಂಗ್ ಕೂಡ ಬಾಗಿಲಿನೊಡನೆ ಹೊರಕ್ಕೆ ವಾಲಿಕೊಳ್ಳುತ್ತಿತ್ತು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲು ದುರ್ಲಭವಾದಾಗ ಇಂತಹ ಕಾರುಗಳಿಗೆ ಬೇಡಿಕೆ ಬಂದಿತು. ಇಸೆಟ್ಟಾ ಒಂದೂವರೆ ಲಕ್ಷಕ್ಕೂ ಮೇಲಾಗಿ ತಯಾರಾಯಿತು. ಆ ಬಳಿಕ ಜನರ ಕೈಯಲ್ಲಿ ಹಣವಾಡತೊಡಗಿತು, 1962ರಲ್ಲಿ ಅದರ ತಯಾರಿಕೆ ನಿಂತಿತು. ಅಭಾವವು ಕಲಿಸಿದ ಸಂಯಮವನ್ನು ಸಮೃದ್ಧಿಯು ಏಳೇ ವರ್ಷಗಳಲ್ಲಿ ಮರೆಸಿತು.

ನಮ್ಮ ನಾಡಿನಲ್ಲಿ ನಡೆದುದೂ ಬಹುಮಟ್ಟಿಗೆ ಇದೇ. ಎಪ್ಪತ್ತರ ದಶಕದಲ್ಲಿ, 1973ರ ಎಣ್ಣೆಯ ಬೆಲೆಯೇರಿಕೆಯ ಬಿಸಿ ಆರದಿದ್ದ ದಿನಗಳಲ್ಲಿ, ಬೆಂಗಳೂರಿನ ಸನ್‌ರೈಸ್ ಕಂಪನಿಯು, ಅಂದರೆ ಮುಂದೆ ಸಿಪಾನಿ ಎಂದು ಹೆಸರಾದ ಸಂಸ್ಥೆಯು, ಬಾದಲ್ ಎಂಬ ಕಾರನ್ನು ಬೀದಿಗಿಳಿಸಿತು. ಮುಂದೆ ಒಂದು ಗಾಲಿ, ಹಿಂದೆ ಎರಡು, ಮೈ ಫೈಬರ್‌ಗ್ಲಾಸಿನದು, ಬೆನ್ನಲ್ಲಿ 198 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ನು. ಅಂದಿಗೆ ಅದು ಸಾಹಸವೇ ಸರಿ. ಆದರೆ ಅದೇ ಸಂಸ್ಥೆಯು 1982ರ ಹೊತ್ತಿಗೆ 848 ಸಿಸಿಯ ಡಾಲ್ಫಿನ್ ಕಾರಿನ ಕಡೆಗೆ ತಿರುಗಿತು, 1983ರ ಕೊನೆಗೆ ಮಾರುತಿ ಬಂದಿತು, ಬಾದಲನ್ನು ಕಂಡವರು ವಿರಳವಾದರು. ಈಚೆಗೆ, ನಾಲ್ಕು ಗಾಲಿಯಿದ್ದೂ ಕಾರೆನ್ನಿಸಿಕೊಳ್ಳದ ಕ್ವಾಡ್ರಿಸೈಕಲ್ ಎಂಬ ವರ್ಗವನ್ನು ಕೇಂದ್ರ ಸರಕಾರವು 2018ರಲ್ಲಿ ಖಾಸಗಿ ಬಳಕೆಗೂ ತೆರೆದ ಮೇಲೆ, ಬಜಾಜ್ ಕಂಪನಿಯ ಕ್ಯೂಟ್ 2019ರಲ್ಲಿ ಮಾರುಕಟ್ಟೆಗೆ ಬಂದಿತು. ಒಂದೇ ಸಿಲಿಂಡರಿನ 216 ಸಿಸಿಯ ಎಂಜಿನ್ನು, ಗಂಟೆಗೆ 70 ಕಿ.ಮೀ. ಮೀರದ ವೇಗ, ಚಾಲಕನಲ್ಲದೆ ಮೂವರಿಗೆ ಸ್ಥಳ, ಲೀಟರಿಗೆ ಸುಮಾರು 35 ಕಿ.ಮೀ. ಎಂಬ ಭರವಸೆ. ಮೋಟಾರ್ ಸೈಕಲಿನ ಎಂಜಿನ್ ವಿದ್ಯೆಯಲ್ಲಿ ಪಳಗಿದವರು ಕಾರಿನ ಆಕಾರವನ್ನು ಕಲ್ಪಿಸಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ನಿದರ್ಶನ ನಮ್ಮ ದೇಶದಲ್ಲಿ ಇನ್ನೊಂದಿರಲಾರದು.

ಕಲಬುರಗಿಯಿಂದ ಆಳಂದಕ್ಕೂ ಜೇವರ್ಗಿಗೂ ಸುಮಾರು 40 ಕಿ.ಮೀ., ಅಫಜಲಪುರಕ್ಕೆ ಅದಕ್ಕಿಂತ ಹೆಚ್ಚು. ಎರೆಹೊಲಗಳ ನಡುವೆ ಹಾಸಿಕೊಂಡಿರುವ ಈ ದಾರಿಗಳಲ್ಲಿ ಘಟ್ಟಗಳಿಲ್ಲ, ಕಣಿವೆಗಳಿಲ್ಲ. ತೊಗರಿಯೂ ಜೋಳವೂ ಕಣ್ಣು ಹರಿಯುವಷ್ಟು ದೂರ ಬೆಳೆದು ನಿಂತಿರುವ ಈ ಬಯಲು, ಪುಟ್ಟ ಎಂಜಿನ್ನಿನ ಹಗುರ ಗಾಡಿಗೆ ಭೂಮಿಯೇ ಒದಗಿಸಿಕೊಟ್ಟ ಅನುಕೂಲವೆನ್ನಬೇಕು. ಆದರೂ ಇಲ್ಲಿಯ ಜನರನ್ನು ಹೊತ್ತು ಓಡಾಡುವ ವಾಹನ ಕ್ಯೂಟೂ ಅಲ್ಲ, ಅದರ ಬಂಧುಗಳೂ ಅಲ್ಲ, ಟಂಟಂ. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಈ ಮೂರು ಗಾಲಿಯ ಗಾಡಿಯಲ್ಲಿ ಒಳಗೆ ಕೂತವರು ಎಷ್ಟೋ ಹಿಂದೆ ಜೋತವರು ಅಷ್ಟು. ಚಾಲಕನ ಎರಡು ಮಗ್ಗುಲಲ್ಲಿ ಇಬ್ಬರು. ಮೇಲೆ ತೊಗರಿಯ ಚೀಲ. ಕಾಲಿನ ಬಳಿ ಕೋಳಿ. ಗಾಣಗಾಪುರದ ಹುಣ್ಣಿಮೆಗೂ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿಗೂ, ಸಂತೆಗೂ, ಆಸ್ಪತ್ರೆಗೂ ಬಡವನ ದಾರಿ ಅದರೊಳಗಿಂದಲೇ ಹಾದುಹೋಗುತ್ತದೆ. ಇದಲ್ಲದೆ ಹಳೆಯ ಮೋಟಾರ್ ಸೈಕಲಿನ ಹಿಂಬದಿಯನ್ನು ಕತ್ತರಿಸಿ, ಎರಡು ಗಾಲಿಯ ಬಂಡಿಯೊಂದನ್ನು ಬೆಸೆದು, ಉಳ್ಳಾಗಡ್ಡಿಯನ್ನೋ ಪ್ಲಾಸ್ಟಿಕ್ ಕೊಡಗಳನ್ನೋ ಹೇರಿಕೊಂಡು ಊರೂರು ತಿರುಗುವ ಗಾಡಿಗಳೂ ಉಂಟು. ತಯಾರಕನು ಕೊಟ್ಟ ರೂಪವನ್ನು ಅನುಮತಿಯಿಲ್ಲದೆ ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. ಹೊಟ್ಟೆಯ ಕಾಯಿದೆ ಬೇರೆಯದನ್ನು ವಿಧಿಸುತ್ತದೆ.

ಜೇವರ್ಗಿಯಲ್ಲಿ ಒಬ್ಬ ಮಿಸ್ತ್ರಿಯು ಇಂತಹದೊಂದು ಗಾಡಿಯ ಕ್ಲಚ್ ಬಿಚ್ಚಿ ಪ್ಲೇಟುಗಳನ್ನು ಹಳೆಯ ಪತ್ರಿಕೆಯ ಮೇಲೆ ಹರವಿಟ್ಟಿದ್ದುದನ್ನು ನಾನು ನೋಡಿದೆನು. ಎಣ್ಣೆಯಲ್ಲಿ ಮುಳುಗಿರಬೇಕಾದ ಆ ತೆಳು ಬಿಲ್ಲೆಗಳಲ್ಲಿ ಕೆಲವು ಕಾಡಿಗೆಯಂತೆ ಕಪ್ಪಾಗಿದ್ದವು. ನಡುವಣ ಉಕ್ಕಿನ ಬಿಲ್ಲೆಗಳು ಕಾವಿಗೆ ನೀಲಿಗಟ್ಟಿ ಅಂಚಿನಲ್ಲಿ ಸೊಟ್ಟಗಾಗಿದ್ದವು. ಸುಟ್ಟ ಎಣ್ಣೆಯ ಕಮಟು ಅಂಗಡಿಯನ್ನೆಲ್ಲ ತುಂಬಿತ್ತು. ನೂರೈವತ್ತು ಕೆಜಿಯ ಸೈಕಲಿಗೂ ಅದರ ಮೇಲಿನ ಇಬ್ಬರಿಗೂ ಎಂದು ಲೆಕ್ಕ ಹಾಕಿ ಮಾಡಿದ ಕ್ಲಚ್ಚದು. ಅದರಿಂದ ಎಳೆಸಿದುದು ಐದಾರು ಕ್ವಿಂಟಲು. "ಹೊರಿ ಜಾಸ್ತಿ ಮಾಡಿ ಎಂಜಿನ್ನಿಗಿ ಬೈತಾರ್ರಿ ಸರ್. ಎಂಜಿನ್ನರ ಏನ್ ಮಾಡ್ಬೇಕು?" ಎಂದು ಮಿಸ್ತ್ರಿ ತಲೆಯೆತ್ತದೆಯೇ ಹೇಳಿದನು. ಪೆಟ್ರೋಲು ಉಳಿಯುತ್ತದೆಯೇ ಎಂದು ಕೇಳಿದುದಕ್ಕೆ, ಖಾಲಿ ಓಡಿದರೆ ಉಳಿಯುತ್ತದೆ, ಹೇರಿಕೊಂಡು ಮೊದಲನೆಯ ಎರಡನೆಯ ಗೇರಿನಲ್ಲೇ ಗುಂಯ್ಗುಟ್ಟಿಸಿದರೆ ಕಾರಿಗಿಂತ ಜಾಸ್ತಿ ಕುಡಿಯುತ್ತದೆ ಎಂದನು. ಗಾಳಿಯಿಂದ ತಣಿಯುವ ಎಂಜಿನ್ನನ್ನು ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಮೇ ತಿಂಗಳಲ್ಲಿ ಅದರ ಗತಿಯೇನಾಗುವುದೆಂಬುದನ್ನೂ ಅವನು ವಿವರಿಸಿದನು. ಕಲಬುರಗಿಯ ಬೇಸಗೆಯನ್ನು ಬಲ್ಲವರಿಗೆ ಅದನ್ನು ಇಲ್ಲಿ ಬರೆದು ತೋರಿಸಬೇಕಾಗಿಲ್ಲ.

ಈಗ ಹಿರಿಯರ ಮಾತಿಗೆ ಬರೋಣ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ, ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಭೀಮೆಯನ್ನು ಕೂಡುವ ಕ್ಷೇತ್ರದಲ್ಲಿ, ದತ್ತಾತ್ರೇಯನ ಅವತಾರವೆಂದು ಪೂಜೆಗೊಳ್ಳುವ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳಿವೆ. ಗುರುವು ಇಂದಿಗೂ ಮಧ್ಯಾಹ್ನದಲ್ಲಿ ಯಾವುದೋ ರೂಪದಿಂದ ಈ ಊರಿನಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿರುವುದರಿಂದ, ಸ್ವಂತ ಊರಿನಲ್ಲಿ ಹತ್ತಾರು ಜನರಿಗೆ ಅನ್ನವಿಕ್ಕಬಲ್ಲ ಗೃಹಸ್ಥರು ಕೂಡ ಇಲ್ಲಿ ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ನಿಂತು ಮಧುಕರಿಯನ್ನು ಬೇಡುತ್ತಾರೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಎಣಿಸಿ ಹೇಳುವಾಗ ಭ್ರಮರವನ್ನೂ ಎಣಿಸುತ್ತಾನೆ. ಹೂವಿಗೆ ನೋವಾಗದಂತೆ ಒಂದೊಂದರಿಂದ ಕೊಂಚಕೊಂಚವನ್ನೇ ತೆಗೆದುಕೊಳ್ಳುವುದನ್ನು ಅದರಿಂದ ಕಲಿತೆನೆನ್ನುತ್ತಾನೆ. ಕೂಡಿಟ್ಟ ಜೇನಿನೊಡನೆ ನಾಶವಾಗುವ ಜೇನುನೊಣದಿಂದ ಕೂಡಿಡಬಾರದೆಂಬುದನ್ನೂ ಕಲಿಯುತ್ತಾನೆ. ಆ ಅವಧೂತನನ್ನು ದತ್ತಾತ್ರೇಯನೆಂದೇ ನಂಬುವವರು ಬಹಳ. ಮಧುಕರಿಯ ಗುಣವಿರುವುದು, ಬೇಡುವವನು ತನ್ನ ಹೊಟ್ಟೆಯ ಅಳತೆಯನ್ನು ತಾನೇ ಬಲ್ಲವನಾಗಿ, ಕೊಡುವವನ ಅಳತೆಯನ್ನೂ ನೆನಪಿನಲ್ಲಿಡುವುದರಲ್ಲಿ.

ಪ್ರಯಾಣಕ್ಕೇ ಮಿತಿ ಹಾಕಿಕೊಂಡವರು ಜೈನರು. ಆಳಂದಕ್ಕೂ ಜೇವರ್ಗಿಗೂ ದೂರವಲ್ಲದ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಒಂದು ಕಾಲಕ್ಕೆ ಜೈನವಿದ್ವತ್ತಿನ ನೆಲೆಯಾಗಿದ್ದಿತಷ್ಟೆ. ಜೈನ ಶ್ರಾವಕನ ವ್ರತಗಳಲ್ಲಿ ದಿಗ್ವ್ರತವೆಂಬುದೊಂದುಂಟು: ಇಂತಿಂತಹ ದಿಕ್ಕಿಗೆ ಇಂತಿಷ್ಟು ದೂರಕ್ಕಿಂತ ಆಚೆಗೆ ಹೋಗೆನೆಂದು ಗೃಹಸ್ಥನು ತಾನೇ ಗೆರೆಯೆಳೆದುಕೊಳ್ಳುವುದು. ದೇಶವ್ರತವೆಂಬುದು ಅದನ್ನೂ ಕಿರಿದುಗೊಳಿಸಿ, ನಿಯತ ಕಾಲದವರೆಗೆ ಒಂದು ಊರಿಗೋ ಒಂದು ಓಣಿಗೋ ತನ್ನನ್ನು ಸೀಮಿತಗೊಳಿಸಿಕೊಳ್ಳುವುದು. ಮನುಷ್ಯನ ಸಂಚಾರವೇ ಜೀವಹಿಂಸೆಗೂ ಲೋಭಕ್ಕೂ ಒಂದು ದ್ವಾರವೆಂದು ಇಷ್ಟು ಸ್ಪಷ್ಟವಾಗಿ ಕಂಡುಕೊಂಡು, ಅದನ್ನು ವ್ರತವಾಗಿ ವಿಧಿಸಿದ ಇನ್ನೊಂದು ಮತವನ್ನು ನಾನರಿಯೆ. ಇಂಧನದ ಮಿತವ್ಯಯವನ್ನು ಕುರಿತು ಇಂದು ಮಾತನಾಡುವವರೆಲ್ಲ ಒಂದು ಲೀಟರಿಗೆ ಎಷ್ಟು ದೂರವೆಂದು ಕೇಳುತ್ತಾರೆ. ದಿಗ್ವ್ರತವನ್ನು ಕೈಕೊಂಡ ಶ್ರಾವಕನಾದರೋ ಅಷ್ಟು ದೂರ ಏಕೆಂದು ಮೊದಲು ಕೇಳಿಕೊಂಡಿರುತ್ತಿದ್ದನು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದುದು ಲಕ್ಕಮ್ಮನ ಕಥೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದು ಆಶೆಯ ಗುರುತೆಂದು ಗಂಡನನ್ನು ಗದರಿಸಿ, ಹೆಚ್ಚಾದುದನ್ನು ಮರಳಿ ಚೆಲ್ಲಿ ಬರುವಂತೆ ಕಳುಹಿಸಿದಳು. ಈ ಕಥೆಯನ್ನು ಬಡತನದ ಸ್ತುತಿಯೆಂದು ಓದುವವರಿದ್ದಾರೆ. ಅವರೊಡನೆ ನನಗೆ ಸಹಮತವಿಲ್ಲ. ಹೆಚ್ಚಾದುದನ್ನಷ್ಟೇ ಅವಳು ಹಿಂದಿರುಗಿಸಿದಳು. ಅಂದಿನ ದಾಸೋಹಕ್ಕೆ ಬೇಕಾದುದನ್ನು ಇರಿಸಿಕೊಂಡಳು, ಅದನ್ನೇ ಬೇಯಿಸಿ ಬಡಿಸಿದಳು. ಅವಳ ಅಳತೆಗೋಲು ಅಂದು ಉಣ್ಣಬೇಕಾದವರ ಹಸಿವು. ಎಲ್ಲಕ್ಕೂ ಮಿಗಿಲಾಗಿ, ಆ ಸಂಯಮವನ್ನು ಅವಳು ತನ್ನ ಮನೆಗೆ ವಿಧಿಸಿದಳೇ ಹೊರತು ನೆರೆಮನೆಯ ಒಲೆಗೆ ವಿಧಿಸಲಿಲ್ಲ.

ಚಿಕ್ಕ ಎಂಜಿನ್ನನ್ನು ಹೊಗಳುವವರು ಎಡವುವುದು ಇಲ್ಲಿಯೇ. ನಗರದಲ್ಲಿ ಮೂರು ಕಾರುಗಳನ್ನಿಟ್ಟುಕೊಂಡವನು, ಹಳ್ಳಿಯವನಿಗೆ ಇನ್ನೂರು ಸಿಸಿ ಧಾರಾಳವಾಯಿತೆಂದು ಉಪದೇಶಿಸುವುದುಂಟು. ಅಲ್ಪದಲ್ಲಿ ನಡೆಸಬೇಕಾದುದು ಒಬ್ಬನಿಗೆ ವ್ರತ, ಇನ್ನೊಬ್ಬನಿಗೆ ದಾರಿದ್ರ್ಯ. ಹೊರಗಣ ಆಕಾರ ಎರಡಕ್ಕೂ ಒಂದೇ ಆದುದರಿಂದ ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಮೋಹ ಹುಟ್ಟುತ್ತದೆ. ಟಂಟಂನಲ್ಲಿ ಹದಿನೈದನೆಯವಳಾಗಿ ಕೂತು ಆಳಂದದಿಂದ ಕಲಬುರಗಿಯ ಆಸ್ಪತ್ರೆಗೆ ಹೋಗುವ ಬಸುರಿಯನ್ನು ಮಿತವ್ಯಯದ ಆದರ್ಶವೆಂದು ಯಾರಾದರೂ ಬಣ್ಣಿಸಿದರೆ ನಾವು ನಗಬೇಕೋ ಸಿಟ್ಟಾಗಬೇಕೋ ತಿಳಿಯದು. ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಅಷ್ಟು ಕಡಿಮೆ ಎಣ್ಣೆಯಲ್ಲಿ ಆ ದೂರವನ್ನು ಕ್ರಮಿಸುವವರು ದೇಶದಲ್ಲಿ ಹೆಚ್ಚು ಮಂದಿ ಇರಲಾರರು. ಆದರೆ ಆ ಲೆಕ್ಕದ ಶೇಷವನ್ನು ಅವಳ ಬೆನ್ನೂ ಸೊಂಟವೂ ಹೊರುತ್ತಿವೆ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯವು ಹೇಳುವಾಗ ಎರಡನೆಯ ಅರ್ಧವನ್ನು ನಾವು ಬೇಗನೆ ಮರೆಯುತ್ತೇವೆ. ಸುಟ್ಟ ಕ್ಲಚ್ಚಿನ ಬಿಲ್ಲೆಗಳು ನನಗೆ ಆ ಅರ್ಧದ ವ್ಯಾಖ್ಯಾನದಂತೆ ತೋರಿದವು.

ಇನ್ನೊಂದು ಆಕ್ಷೇಪವಿದೆ, ಅದು ಹೆಚ್ಚು ಸೂಕ್ಷ್ಮವಾದುದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಎಂಬವನು 1865ರಲ್ಲಿ ಕಲ್ಲಿದ್ದಲನ್ನು ಕುರಿತು ಬರೆದ ಗ್ರಂಥದಲ್ಲಿ, ಉಗಿಯಂತ್ರಗಳು ಹೆಚ್ಚು ಮಿತವ್ಯಯದವಾದಷ್ಟೂ ದೇಶದ ಒಟ್ಟು ಕಲ್ಲಿದ್ದಲಿನ ಖರ್ಚು ತಗ್ಗುವ ಬದಲು ಏರುತ್ತದೆಂದು ತೋರಿಸಿದನು. ಅಗ್ಗವಾದ ಬಲವನ್ನು ಜನರು ಹೊಸಹೊಸ ಕೆಲಸಗಳಿಗೆ ಹಚ್ಚುತ್ತಾರೆ. ಲೀಟರಿಗೆ 15 ಕಿ.ಮೀ. ಓಡುತ್ತಿದ್ದವನಿಗೆ 35 ಕಿ.ಮೀ. ದೊರೆತರೆ ಅವನು ಪೆಟ್ರೋಲನ್ನು ಉಳಿಸುವನೆಂದೇನೂ ಇಲ್ಲ. ಸಂಜೆ ಚಹಾ ಕುಡಿಯಲು ಜೇವರ್ಗಿಯಿಂದ ಭೀಮಾ ಸೇತುವೆಯ ವರೆಗೆ ಹೋಗಿ ಬರಬಹುದು. ಹಾಗಾದರೆ ಮಿತವ್ಯಯದ ಯಂತ್ರವು ಭೋಗಕ್ಕೆ ಬಾಗಿಲು ತೆರೆಯುವ ಕೀಲಿಕೈಯೇ ಆಯಿತಲ್ಲವೆ ಎಂದು ದಿಗ್ವ್ರತಿಯು ಕೇಳಬಹುದು. ಕೇಳಲಿ; ಆದರೆ ಅದೇ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಚರಿತ್ರೆ ಬೇರೊಂದು ಉತ್ತರವನ್ನು ಸೂಚಿಸುತ್ತದೆ. ಬೆಳೆದ ಜೋಳದ ಹೊಲವನ್ನು ಕಾಯಬೇಕಾದ ಅವರು ಹಕ್ಕಿಗಳನ್ನು ಓಡಿಸದೆ, ತಿಂದ ಮೇಲೆ ಬಾಯಾರೀತೆಂದು ಅವಕ್ಕೆ ನೀರನ್ನೂ ಇಟ್ಟರೆಂದು ಈ ಸೀಮೆಯ ಮುದುಕರು ಇಂದಿಗೂ ಹೇಳುತ್ತಾರೆ. ಲೆಕ್ಕಿಗನ ದೃಷ್ಟಿಯಲ್ಲಿ ಅದು ಬೆಳೆಯ ನಷ್ಟ. ಶರಣರ ದೃಷ್ಟಿಯಲ್ಲಿ ಉಳಿತಾಯವೆಂಬುದು ಯಾರ ಬಾಯಿಗೆ ಹೋಯಿತೆಂಬುದನ್ನು ನೋಡಿದ ಮೇಲಲ್ಲದೆ ಅದಕ್ಕೆ ಬೆಲೆ ಕಟ್ಟುವಂತಿಲ್ಲ. ಅಗ್ಗವಾದ ಪ್ರಯಾಣದಿಂದ ಎಣ್ಣೆಯ ಖರ್ಚು ಒಟ್ಟಿನಲ್ಲಿ ಏರಿದುದು, ಹಿಂದೆ ಮನೆಯಲ್ಲೇ ನರಳುತ್ತಿದ್ದ ರೋಗಿಯು ಈಗ ವೈದ್ಯನ ಬಳಿಗೆ ಹೋಗುವುದರಿಂದ, ಅಥವಾ ಹಳ್ಳಿಯ ಹುಡುಗಿ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದಿನವೂ ಹೋಗಿಬರುವುದರಿಂದ ಆಗಿದ್ದರೆ, ಆ ಏರಿಕೆಯನ್ನು ಜೆವನ್ಸನ ಕೋಷ್ಟಕದಲ್ಲಿ ಬರೆದುಕೊಳ್ಳೋಣ, ದೋಷದ ಪಟ್ಟಿಯಲ್ಲಿ ಬೇಡ.

ಇಷ್ಟಾದ ಮೇಲೆ, ಅಫಜಲಪುರದ ಯಾವನಾದರೂ ಯುವಕನು ಹಳೆಯ ಪುಟ್ಟ ಕಾರೊಂದಕ್ಕೆ ಮೋಟಾರ್ ಸೈಕಲಿನ ಎಂಜಿನ್ನನ್ನು ಜೋಡಿಸಲೇ ಎಂದು ನನ್ನನ್ನು ಕೇಳಿದರೆ, ಆರ್‌ಟಿಓ ಕಚೇರಿಯಲ್ಲಿ ಅದು ನೋಂದಾಯಿಸಲ್ಪಡದೆಂದು ಮೊದಲು ತಿಳಿಸುವೆನು. ಕಾರಿನ ತೂಕವನ್ನು ಅರ್ಧಕ್ಕೆ ಇಳಿಸದೆ ಎಂಜಿನ್ನನ್ನು ಮಾತ್ರ ಕಿರಿದುಮಾಡಿದರೆ ಪೆಟ್ರೋಲು ಉಳಿಯದೆಂದೂ, ರಿವರ್ಸ್ ಗೇರಿಗೂ ತಣಿಸುವ ಫ್ಯಾನಿಗೂ ಗಟ್ಟಿ ಕ್ಲಚ್ಚಿಗೂ ಆಗುವ ಖರ್ಚಿನಲ್ಲಿ ಎಷ್ಟೋ ವರ್ಷ ಪೆಟ್ರೋಲು ಹಾಕಿಸಬಹುದೆಂದೂ ಹೇಳುವೆನು. ಅಂತಹ ಗಾಡಿಯನ್ನು ಕಾರಖಾನೆಯವರೇ ಮಾಡಿ ಕಾನೂನುಬದ್ಧವಾಗಿ ಮಾರುತ್ತಿರುವಾಗ ಅದನ್ನೇ ಕೊಳ್ಳಬಹುದಲ್ಲ ಎಂದು ಅವನು ಕೇಳುವನು. ಕೊಳ್ಳಬಹುದು, ದಿನವೂ ಇಬ್ಬರು ಮೂವರು ಕಲಬುರಗಿಗೆ ಹೋಗಿಬರುವ ಮನೆಗೆ ಅದಕ್ಕಿಂತ ಹೆಚ್ಚಿನ ಬಲದ ಅಗತ್ಯವನ್ನು ನಾನು ಕಾಣೆ. ಆದರೆ ಹಣ ಕೊಡುವುದಕ್ಕೆ ಮುಂಚೆ ಒಂದು ಮಾತನ್ನು ತನ್ನಲ್ಲಿಯೇ ವಿಚಾರಿಸಿಕೊಳ್ಳಲಿ: ಗಾಣಗಾಪುರದ ಹುಣ್ಣಿಮೆಯ ದಿನ ಅತ್ತೆಮನೆಯವರೆಲ್ಲ ಬಾಗಿಲಿಗೆ ಬಂದು ನಿಂತು, ಹಿರಿಯ ಮಾವನು ಚೀಲವನ್ನು ಒಳಗಿಡುತ್ತ "ಜರಾ ಸರಕೋರಪ್ಪ, ಎಲ್ಲಾರೂ ಹಿಡಿತಾರ" ಎಂದಾಗ, ಮೂವರನ್ನೇ ಕೂರಿಸಿಕೊಂಡು ಉಳಿದವರನ್ನು ಬಸ್ಸಿಗೆ ಕಳುಹಿಸುವ ಧೈರ್ಯ ತನಗಿದೆಯೆ ಎಂದು.